ಒಲ್ಲೆ ಎನ್ನುವ ಹಕ್ಕು ಮೊದಲು

ಬಡ ದೇಶಗಳ ಮಾತು ಬಂದಾಗಲೆಲ್ಲ ಒಂದು ವಾದ ಕೇಳಿಬರುತ್ತದೆ: ಮೊದಲು ಹೊಟ್ಟೆ ತುಂಬಲಿ, ಹಕ್ಕುಗಳ ವಿಚಾರ ಆಮೇಲೆ. ನಾನಿದನ್ನು ಒಪ್ಪುವುದಿಲ್ಲ. ಬಾಂಗ್ಲಾದೇಶದಲ್ಲಿ ನಡೆದದ್ದನ್ನು ಬಲ್ಲವರು ಒಪ್ಪುವುದು ಕಷ್ಟ.

1976ರಲ್ಲಿ ಚಿತ್ತಗಾಂಗ್ ಸಮೀಪದ ಜೋಬ್ರಾ ಗ್ರಾಮದ 42 ಜನರಿಗೆ ಅರ್ಥಶಾಸ್ತ್ರದ ಪ್ರಾಧ್ಯಾಪಕ ಮುಹಮ್ಮದ್ ಯೂನುಸ್ ತಮ್ಮ ಕೈಯಿಂದ ಕೊಟ್ಟ ಸಾಲ ಒಟ್ಟು 27 ಡಾಲರ್‌ನಷ್ಟು. ಅಲ್ಲಿ ಬಿದಿರಿನ ಪೀಠ ಹೆಣೆಯುವ ಹೆಂಗಸರಿದ್ದರು. ಬಿದಿರು ಕೊಳ್ಳಲು ಸಾಲ ಕೊಟ್ಟ ವ್ಯಾಪಾರಿಗೇ, ಅವನು ಹೇಳಿದ ಬೆಲೆಗೇ ಅವರು ಪೀಠ ಮಾರಬೇಕಿತ್ತು. ಎಷ್ಟು ದುಡಿದರೂ ಕೈಗೆ ಬರುತ್ತಿದ್ದುದು ಬಿಡಿಗಾಸು. ಯೂನುಸ್ ಕೊಟ್ಟ ಚಿಲ್ಲರೆ ಸಾಲದಿಂದ ಅವರು ಶ್ರೀಮಂತರಾಗಲಿಲ್ಲ, ನಿಜ. ಆದರೆ ಆ ವ್ಯಾಪಾರಿಯ ಮುಂದೆ ನಿಂತು ‘ನಿನಗೆ ಮಾರುವುದಿಲ್ಲ’ ಎನ್ನುವ ಧೈರ್ಯ ಅವರಿಗೆ ಬಂತು. ಮುಂದೆ 1983ರಲ್ಲಿ ಇದೇ ಪ್ರಯತ್ನದಿಂದ ಬಡವರಿಗೆ ಸಣ್ಣ ಸಾಲ ಕೊಡುವ ಗ್ರಾಮೀಣ ಬ್ಯಾಂಕ್ ರೂಪುಗೊಂಡಿತು. ಸಾಲಗಾರರೇ ಅದರ ಷೇರುದಾರರಾದರು, ತಮ್ಮವರನ್ನೇ ಆರಿಸಿ ಆಡಳಿತ ಮಂಡಳಿಗೆ ಕಳುಹಿಸಿದರು. ಸಾಲದ ಮೊತ್ತಕ್ಕಿಂತ ಇದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಒಲ್ಲೆ ಎನ್ನುವ ಈ ಹಕ್ಕು ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಅದೇ ದೇಶದ ರಾಣಾ ಪ್ಲಾಜಾ ಸಾಕ್ಷಿ. 2013ರ ಏಪ್ರಿಲ್ 23ರಂದು ಢಾಕಾ ಬಳಿಯ ಸಾವರ್‌ನ ಆ ಎಂಟು ಮಹಡಿಯ ಕಟ್ಟಡದಲ್ಲಿ ಬಿರುಕು ಕಾಣಿಸಿತು. ಕೆಳಗಿನ ಬ್ಯಾಂಕ್, ಅಂಗಡಿಗಳು ಬಾಗಿಲು ಹಾಕಿದವು. ಮೇಲಿನ ಗಾರ್ಮೆಂಟ್ ಕಾರ್ಮಿಕರಿಗೆ ಮಾತ್ರ ಮರುದಿನ ಕೆಲಸಕ್ಕೆ ಬರಲೇಬೇಕೆಂದು ತಾಕೀತಾಯಿತು; ಹಿಂಜರಿದವರಿಗೆ ಸಂಬಳ ಹಿಡಿಯುವ ಬೆದರಿಕೆ. ಆ ಕಾರ್ಖಾನೆಗಳಲ್ಲಿ ಒಂದರಲ್ಲೂ ಕಾರ್ಮಿಕ ಸಂಘ ಇರಲಿಲ್ಲ. ಒಬ್ಬೊಬ್ಬರೇ ನಿಂತು ಮೇಲ್ವಿಚಾರಕನಿಗೆ ಇಲ್ಲ ಎನ್ನುವುದು ಯಾರಿಂದ ಸಾಧ್ಯ? ಬೆಳಿಗ್ಗೆ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅವರಿಗೆಲ್ಲ ಉದ್ಯೋಗವಿತ್ತು. ಅಭಿವೃದ್ಧಿಯ ಲೆಕ್ಕದಲ್ಲಿ ಅವರೆಲ್ಲ ಬಡತನದಿಂದ ಮೇಲೇಳುತ್ತಿದ್ದವರು. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಮುಂದಿನ ತಿಂಗಳೇ ಬಾಂಗ್ಲಾದೇಶದಲ್ಲಿ ಬಟ್ಟೆ ಹೊಲಿಸುವ ವಿದೇಶಿ ಬ್ರ್ಯಾಂಡ್‌ಗಳು ಕಾರ್ಮಿಕ ಸಂಘಟನೆಗಳೊಂದಿಗೆ ಸುರಕ್ಷತಾ ಒಪ್ಪಂದಕ್ಕೆ ಸಹಿ ಹಾಕಿದವು. ಅದಕ್ಕೆ ಕಾನೂನಿನ ಬಲವಿತ್ತು, ತಪಾಸಣೆಯ ವರದಿಗಳು ಬಹಿರಂಗವಾಗುತ್ತಿದ್ದವು, ಅಪಾಯ ಕಂಡರೆ ಕೆಲಸ ನಿರಾಕರಿಸುವ ಹಕ್ಕೂ ಕಾರ್ಮಿಕರಿಗೆ ಸಿಕ್ಕಿತು. ಕಂಪನಿಗಳು ತಾವಾಗಿಯೇ ಬರೆದುಕೊಂಡ ನೀತಿಸಂಹಿತೆಗಳು ಎಷ್ಟೋ ವರ್ಷಗಳಿಂದ ಇದ್ದವು. ಅವು ಯಾರ ಜೀವವನ್ನೂ ಉಳಿಸಲಿಲ್ಲ.

ಆದ್ದರಿಂದ ನೆರವು ಕೊಡುವ ಸರಕಾರಗಳಿಗೂ ಜನರ ಒಳಿತಿಗೆಂದು ನಡೆಯುವ ಸಾಮಾಜಿಕ ಉದ್ಯಮಕ್ಕೆ ಬಂಡವಾಳ ಹೂಡುವವರಿಗೂ ನನ್ನದೊಂದು ಒತ್ತಾಯವಿದೆ. ಎಷ್ಟು ಜನರಿಗೆ ತಲುಪಿತು ಎಂಬ ಅಂಕಿಅಂಶ ಕೊಡುವ ಮೊದಲು ಹೇಳಿ: ಅಲ್ಲಿ ಸಂಘ ಕಟ್ಟಿದವರ ಕೆಲಸ ಉಳಿದಿದೆಯೇ? ದೂರು ಕೊಟ್ಟ ಹೆಣ್ಣುಮಗಳಿಗೆ ಮರುದಿನ ಕಾರ್ಖಾನೆಯ ಗೇಟು ತೆರೆಯುತ್ತದೆಯೇ?