ಎ ಸೈಡಿನ ಕೊನೆಯ ಆರು ನಿಮಿಷ

ನಮ್ಮ ಮನೆಯ ಷೋಕೇಸಿನ ಕೆಳಗಿನ ಖಾನೆಯಲ್ಲಿ ಒಂದು ಕ್ಯಾಸೆಟ್ ಇದೆ. ಹಾಕಿ ಕೇಳೋಣ ಅಂದರೆ ಟೇಪ್‌ರೆಕಾರ್ಡರ್ ಇಲ್ಲ. ಬಿಸಾಡೋಣ ಅಂದರೆ ಮನಸ್ಸಿಲ್ಲ. ಪ್ರತಿ ದೀಪಾವಳಿಗೆ ಮನೆ ಗುಡಿಸುವಾಗ ಅದು ಕಸದ ಚೀಲದವರೆಗೆ ಹೋಗಿ, ಅಲ್ಲಿಂದ ವಾಪಸ್ ಬರುತ್ತದೆ. ಒಳಗಿನ ಚೀಟಿಯ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ‘ಯು2’ ಅಂತ ಬರೆದಿದೆ. ಪಕ್ಕದಲ್ಲೇ ಕಂಪನಿಯವರು ಅಚ್ಚು ಹಾಕಿದ ‘ಸಿ-60’. ಯು2 ಕೂಡ ಕ್ಯಾಸೆಟ್ಟಿನ ಮಾಡೆಲ್ ನಂಬರೇ ಇರಬೇಕು ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ.

ಅದನ್ನು ತಂದವನು ಚಿಕ್ಕಪ್ಪನ ಮಗ, ನನಗೆ ಅಣ್ಣ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಹಾಸ್ಟೆಲಿನಲ್ಲಿ ಯಾರದೋ ಡಬಲ್ ಡೆಕ್ ಟೇಪ್‌ರೆಕಾರ್ಡರಿನಲ್ಲಿ ‘ದ ಜೋಶುವಾ ಟ್ರೀ’ ಆಲ್ಬಮ್ಮನ್ನು ಇಳಿಸಿಕೊಂಡು ರಜೆಗೆ ಊರಿಗೆ ಬಂದಿದ್ದ. ಯು2 ಅನ್ನುವ ಐರ್ಲೆಂಡಿನ ರಾಕ್ ಬ್ಯಾಂಡಿನವರು 1987ರಲ್ಲಿ ತಂದ ಆಲ್ಬಂ ಅದು. ಒಟ್ಟು ಹನ್ನೊಂದು ಹಾಡು, ಐವತ್ತು ನಿಮಿಷ. ಎ ಸೈಡಿನ ಐದು ಹಾಡಿಗೆ ಇಪ್ಪತ್ತನಾಲ್ಕು ನಿಮಿಷ. ಬಿ ಸೈಡಿನ ಆರಕ್ಕೆ ಇಪ್ಪತ್ತಾರು. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಇನ್ನೂ ಹತ್ತು ನಿಮಿಷ ಮಿಕ್ಕಿತ್ತು, ಅಲ್ವಾ? ಅದು ಚಿಕ್ಕಮ್ಮನ ಕಣ್ಣಿಗೆ ಬಿತ್ತು.

ಚಿಕ್ಕಮ್ಮ ದೋಸೆ ಹಿಟ್ಟಿನ ಪಾತ್ರೆ ತೊಳೆದ ನೀರನ್ನೂ ಕರಿಬೇವಿನ ಗಿಡಕ್ಕೆ ಹಾಕುವವಳು. ದುಡ್ಡು ಕೊಟ್ಟ ರೀಲು ಸುಮ್ನೆ ಸರ್ ಅಂತ ಓಡುವುದನ್ನು ನೋಡಿಕೊಂಡು ಇರುತ್ತಾಳಾ? ಒಂದು ಮಧ್ಯಾಹ್ನ ಆಕಾಶವಾಣಿಯಲ್ಲಿ ಚಿತ್ರಗೀತೆ ಬರುವ ಹೊತ್ತಿಗೆ ಟೂ-ಇನ್-ಒನ್ನಿನ ಕೆಂಪು ಬಟನ್ ಒತ್ತಿಬಿಟ್ಟಳು. ಎ ಸೈಡಿಗೆ ರಾಜ್‌ಕುಮಾರ್ ಹಾಡು ಒಂದು ಪೂರ್ತಿ ಬಂತು, ಉದ್ಘೋಷಕಿಯ ಮಾತಿನ ಬಾಲ ಸಮೇತ. ಬಿ ಸೈಡಿನಲ್ಲಿ ಜಾಗ ಸಾಲಲಿಲ್ಲ. ಎರಡನೇ ಚರಣದಲ್ಲಿ ಅಣ್ಣಾವ್ರು ದನಿ ಏರಿಸುತ್ತಿರುವಾಗಲೇ ಟಕ್ ಅಂತ ಬಟನ್ ಎದ್ದುಬಿಡುತ್ತಿತ್ತು.

ಅಣ್ಣ ಎರಡು ದಿನ ಮಾತು ಬಿಟ್ಟ. ನಾನು ಮಾತ್ರ ಆ ಕ್ಯಾಸೆಟ್ಟನ್ನು ಹಾಗೆಯೇ ಕಲಿತೆ. ಐದನೇ ಹಾಡು ‘ರನ್ನಿಂಗ್ ಟು ಸ್ಟ್ಯಾಂಡ್ ಸ್ಟಿಲ್’. ಬಹಳ ಮೆಲುವಾದ ಹಾಡು. ಕೊನೆಗೆ ಹಾರ್ಮೋನಿಕಾ ಅಳುತ್ತಾ ಅಳುತ್ತಾ ದೂರ ಹೋಗುತ್ತದೆ. ಆಮೇಲೆ ಕೊಂಚ ಸರಸರ, ಆಮೇಲೆ ಆಕಾಶವಾಣಿ, ಆಮೇಲೆ ರಾಜ್‌ಕುಮಾರ್. ಆ ಹಾಡಿನಲ್ಲಿ ಏಳು ಟವರ್‌ಗಳ ಮಾತು ಬರುತ್ತದೆ. ನಾನು ದೇವಸ್ಥಾನದ ಗೋಪುರ ಅಂದುಕೊಂಡಿದ್ದೆ. ಅದು ಡಬ್ಲಿನ್‌ನ ಬ್ಯಾಲಿಮನ್ ಎಂಬಲ್ಲಿ ಸರ್ಕಾರ ಕಟ್ಟಿಸಿದ್ದ ಎತ್ತರದ ಫ್ಲ್ಯಾಟುಗಳು ಅಂತಲೂ, ಹಾಡು ಹೆರಾಯಿನ್ ಚಟಕ್ಕೆ ಬಿದ್ದವರದು ಅಂತಲೂ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಗಾಯಕ ಬೊನೊ ಬೆಳೆದ ಬೀದಿ ಆ ಫ್ಲ್ಯಾಟುಗಳಿಗೆ ಹತ್ತಿರವೇ ಇತ್ತು.

ಆಲ್ಬಂ ಅನ್ನುವುದು ನನ್ನ ಲೆಕ್ಕದಲ್ಲಿ ಬಾಳೆಲೆ ಊಟ. ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ, ಆಮೇಲೆ ಕೋಸಂಬರಿ, ಪಲ್ಯ. ಸಾರಿಗಿಂತ ಮೊದಲು ಮಜ್ಜಿಗೆ ಬಂದರೆ ಊಟವೇನೂ ಕೆಡುವುದಿಲ್ಲ. ಆದರೆ ಪಂಕ್ತಿಯಲ್ಲಿ ಕೂತ ಹಿರಿಯರೊಬ್ಬರು ತಲೆ ಎತ್ತಿ ನೋಡುತ್ತಾರೆ. ಈಗಿನ ಫೋನಿನಲ್ಲಿ ಷಫಲ್ ಒತ್ತಿದಾಗೆಲ್ಲ ನನ್ನೊಳಗಿನ ಆ ಹಿರಿಯರು ತಲೆ ಎತ್ತುತ್ತಾರೆ.

ಜೋಶುವಾ ಟ್ರೀಯ ಪಂಕ್ತಿಗೆ ಬಡಿಸಿದವಳು ಬ್ಯಾಂಡಿನವಳೇ ಅಲ್ಲ. ಹಾಡುಗಳೆಲ್ಲ ಮುಗಿದಿದ್ದವು, ಯಾವುದರ ಹಿಂದೆ ಯಾವುದು ಅನ್ನುವುದು ಮಾತ್ರ ಬಗೆಹರಿದಿರಲಿಲ್ಲ. ಕೊನೆಗಳಿಗೆಯಲ್ಲಿ ಕೆಲವು ಹಾಡು ಮಿಕ್ಸ್ ಮಾಡಲು ಸ್ಟೀವ್ ಲಿಲ್ಲಿವೈಟ್ ಬಂದಿದ್ದ. ಅವನ ಹೆಂಡತಿ ಕರ್ಸ್ಟಿ ಮಕಾಲ್, ಅವಳೂ ಗಾಯಕಿ. ನಾನು ಜೋಡಿಸಿಕೊಡುತ್ತೇನೆ ಅಂದಳು. ಬ್ಯಾಂಡಿನವರು ಎರಡೇ ಷರತ್ತು ಹಾಕಿದರು. ಮೊದಲು ‘ವೇರ್ ದ ಸ್ಟ್ರೀಟ್ಸ್ ಹ್ಯಾವ್ ನೋ ನೇಮ್’, ಕೊನೆಗೆ ‘ಮದರ್ಸ್ ಆಫ್ ದ ಡಿಸಪಿಯರ್ಡ್’. ಮಿಕ್ಕಿದ್ದನ್ನು ಅವಳು ತನಗೆ ಜಾಸ್ತಿ ಇಷ್ಟವಾದದ್ದರಿಂದ ಹಿಡಿದು ಕಡಿಮೆ ಇಷ್ಟವಾದದ್ದರವರೆಗೆ ಸಾಲಾಗಿ ಇಟ್ಟಳು. ಅಷ್ಟೇ! ಎರಡೂವರೆ ಕೋಟಿಗಿಂತ ಜಾಸ್ತಿ ಮಾರಾಟವಾದ ಆಲ್ಬಮ್ಮಿನ ಸಾಲು ಹೀಗೆ ಆಯಿತು. ಹಾಗೆ ನೋಡಿದರೆ ನಮ್ಮ ಚಿಕ್ಕಮ್ಮನೂ ಕರ್ಸ್ಟಿ ಮಕಾಲ್‌ಳ ಸಾಲಿನವಳೇ.

ಆ ಮೊದಲ ಹಾಡು ಉಳಿದದ್ದೇ ದೊಡ್ಡದು. ಅದರ ತಾಳ ಕೂಡಿಸುವುದರಲ್ಲಿ ವಾರಗಟ್ಟಲೆ ಹೋಯಿತು. ನಿರ್ಮಾಪಕ ಬ್ರಯನ್ ಈನೋಗೆ ಎಷ್ಟು ರೋಸಿಹೋಯಿತು ಅಂದರೆ, ಟೇಪನ್ನೇ ಅಳಿಸಿಬಿಟ್ಟರೆ ಎಲ್ಲರೂ ಹೊಸದಾಗಿ ಶುರು ಮಾಡುತ್ತಾರೆ ಅಂತ ಹೊರಟಿದ್ದ. ಇಂಜಿನಿಯರ್ ಒಬ್ಬ ತಡೆದ. ರೆಕಾರ್ಡ್ ಬಟನ್ ಕಂಡರೆ ಕೈ ತುರಿಸುವವರು ಎಲ್ಲ ಮನೆಯಲ್ಲೂ ಇರುತ್ತಾರೆ ಅಂತಾಯಿತು.

ನಮ್ಮ ಕ್ಯಾಸೆಟ್ಟಿಗೆ ಚಿತ್ರ ಇರಲಿಲ್ಲ. ಹಾಗಾಗಿ ಜೋಶುವಾ ಮರ ಅಂದರೆ ನಮ್ಮೂರ ಕೆರೆ ಏರಿಯ ಆಲದ ಮರದಂಥದ್ದು ಇರಬೇಕು ಅಂತ ಮನಸ್ಸಿನಲ್ಲೇ ಬೆಳೆಸಿಕೊಂಡಿದ್ದೆ. ಆಮೇಲೆ ಆಂಟನ್ ಕಾರ್ಬೈನ್ ತೆಗೆದ ಫೋಟೋ ನೋಡಿದರೆ, ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಒಂಟಿಯಾಗಿ ನಿಂತ, ಕೂದಲು ಕೆದರಿದ ಮರ. ಗಿಡಮರದ ಲೆಕ್ಕದಲ್ಲಿ ಅದು ನಮ್ಮ ಬೇಲಿಯ ಕತ್ತಾಳೆಗೆ ದಾಯಾದಿ. ಆ ಮರ 2000ದ ಹೊತ್ತಿಗೆ ಬಿದ್ದುಹೋಯಿತು. ಜನ ಈಗಲೂ ಬಿದ್ದ ಮರವನ್ನು ಹುಡುಕಿಕೊಂಡು ಹೋಗುತ್ತಾರಂತೆ. ನನಗಂತೂ ಆಲದ ಮರವೇ ಸರಿಹೋಗಿತ್ತು.

1980ರ ‘ಬಾಯ್’ನಿಂದ 2023ರ ‘ಸಾಂಗ್ಸ್ ಆಫ್ ಸರೆಂಡರ್’ವರೆಗೆ ಯು2 ಬ್ಯಾಂಡಿನದು ಹದಿನೈದು ಸ್ಟುಡಿಯೋ ಆಲ್ಬಂ. ಹದಿನೈದನ್ನೂ ನಾನು ಒಂದೇ ಸಮ ಪ್ರೀತಿಸುತ್ತೇನೆ ಅಂದರೆ ಸುಳ್ಳಾಗುತ್ತದೆ. ಕೆಲವನ್ನು ಎರಡನೇ ಸಲ ಕೇಳಿಲ್ಲ. ಆದರೆ ಅವುಗಳ ಹಿಂದಿನ ಸಂಸಾರದ ಗೋಳು ನನಗೆ ಬಹಳ ಇಷ್ಟ. ಎಲ್ಲ ಶುರುವಾದದ್ದೇ ಒಂದು ಅಡುಗೆಮನೆಯಲ್ಲಿ. 1976ರಲ್ಲಿ ಡಬ್ಲಿನ್‌ನ ಮೌಂಟ್ ಟೆಂಪಲ್ ಶಾಲೆಯಲ್ಲಿ ಹದಿನಾಲ್ಕು ವರ್ಷದ ಲ್ಯಾರಿ ಮಲ್ಲೆನ್ ನೋಟಿಸ್ ಬೋರ್ಡಿಗೆ ಒಂದು ಚೀಟಿ ಅಂಟಿಸಿದ. ಬ್ಯಾಂಡ್ ಕಟ್ಟಬೇಕು, ಬನ್ನಿ ಅಂತ. ಬಂದವರನ್ನು ಅವನ ಮನೆಯ ಅಡುಗೆಮನೆಯಲ್ಲಿ ಕೂರಿಸಿದರು. ಡ್ರಮ್ಮು ಅಲ್ಲೇ, ಒಲೆ ಅಲ್ಲೇ. ಆ ಮನೆಯವರ ಸಹನೆಗೆ ಒಂದು ನಮಸ್ಕಾರ ಹಾಕಬೇಕು.

1981ರ ‘ಅಕ್ಟೋಬರ್’ ಕಥೆ ಇನ್ನೊಂದು ಥರ. ಅಮೆರಿಕದ ಪೋರ್ಟ್‌ಲೆಂಡ್ ಊರಿನಲ್ಲಿ ಬೊನೊ ಹಾಡು ಬರೆದಿಟ್ಟಿದ್ದ ಬ್ಯಾಗು ಕಾಣೆಯಾಯಿತು. ಸ್ಟುಡಿಯೋ ದಿನ ಹತ್ತಿರ ಬಂದಿತ್ತು, ಕೈಯಲ್ಲಿ ಸಾಲುಗಳಿಲ್ಲ. ಪಾಪ, ಮೈಕಿನ ಮುಂದೆ ನಿಂತು ಬಾಯಿಗೆ ಬಂದದ್ದನ್ನು ಹಾಡಿದ. ಆ ಬ್ಯಾಗು ವಾಪಸ್ ಸಿಕ್ಕಿದ್ದು 2004ರಲ್ಲಿ. ಇಪ್ಪತ್ತಮೂರು ವರ್ಷ! ಅಷ್ಟು ಹೊತ್ತಿಗೆ ಆ ಹುಡುಗನ ಬರಹ ಈ ನಡುವಯಸ್ಸಿನ ಮನುಷ್ಯನಿಗೆ ಹೇಗೆ ಕಂಡಿರಬಹುದು? ನನ್ನ ಪಿಯುಸಿ ಕಾಲದ ಕವಿತೆಗಳ ನೋಟ್‌ಬುಕ್ ಕಳೆದುಹೋಗಿದೆ. ದಯವಿಟ್ಟು ಯಾರೂ ತಂದುಕೊಡಬೇಡಿ.

1990ರಲ್ಲಿ ಬರ್ಲಿನ್‌ಗೆ ಹೋದರು. ಎರಡು ಜರ್ಮನಿಗಳು ಒಂದಾಗುವ ಸಮಯಕ್ಕೆ ಸರಿಯಾಗಿ ಹೋಗಿ ಇಳಿದು, ಗೋಡೆ ಇದ್ದ ಜಾಗಕ್ಕೆ ಹತ್ತಿರದ ಹನ್ಸಾ ಸ್ಟುಡಿಯೋದಲ್ಲಿ ತಮ್ಮ ನಡುವೆ ಗೋಡೆ ಎಬ್ಬಿಸಿಕೊಂಡರು. ಬೊನೊ ಮತ್ತು ಗಿಟಾರಿನ ಎಡ್ಜ್ ಒಂದು ಕಡೆ, ಹೊಸ ಥರ ಬೇಕು ಅಂತ. ಲ್ಯಾರಿ ಮತ್ತು ಬೇಸ್ ಗಿಟಾರಿನ ಆಡಮ್ ಕ್ಲೇಟನ್ ಇನ್ನೊಂದು ಕಡೆ, ಇದ್ದದ್ದಕ್ಕೇನಾಗಿದೆ ಅಂತ. ಪಾಲು ಆಗುವುದೊಂದು ಬಾಕಿ. ಅಂಥ ಹೊತ್ತಿನಲ್ಲಿ ಬೇರೆ ಹಾಡೊಂದಕ್ಕೆ ಎಡ್ಜ್ ಗಿಟಾರಿನಲ್ಲಿ ಏನೋ ಸ್ವರಜೋಡಣೆ ಹುಡುಕುತ್ತಿದ್ದಾಗ ‘ವನ್’ ಹಾಡು ಹುಟ್ಟಿತು, ‘ಅಖ್ಟುಂಗ್ ಬೇಬಿ’ ಆಲ್ಬಂ ಬದುಕಿತು. ನಮ್ಮ ಕಡೆ ಮನೆ ಒಡೆಯುವುದನ್ನು ತಪ್ಪಿಸಲು ಅಜ್ಜಿಗೆ ಹುಷಾರು ತಪ್ಪಬೇಕಾಗುತ್ತದೆ.

1997ರ ‘ಪಾಪ್’ ಮಾತ್ರ ಪಕ್ಕಾ ನಮ್ಮ ಮದುವೆ ಮನೆ. ಛತ್ರ ಬುಕ್ ಆಗಿದೆ, ಸೀರೆಗೆ ಕುಚ್ಚು ಕಟ್ಟಿಲ್ಲ. ಆಲ್ಬಂ ಮುಗಿಯುವ ಮೊದಲೇ ಊರೂರಿನ ಕ್ರೀಡಾಂಗಣಗಳಿಗೆ ತಾರೀಖು ಕೊಟ್ಟುಬಿಟ್ಟಿದ್ದರು. ಕೊನೆಗೆ ಅರ್ಧ ಬೆಂದದ್ದನ್ನೇ ಬಡಿಸಿ, ಆಮೇಲೆ ಕೆಲವು ಹಾಡುಗಳನ್ನು ತಿರುಗಿ ಸರಿಮಾಡಿ ಹೊರಗೆ ಬಿಟ್ಟರು. ಅತಿಥಿಗಳು ಕೈ ತೊಳೆದ ಮೇಲೆ ಬಂದ ಹೋಳಿಗೆ.

2014ರಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ‘ಸಾಂಗ್ಸ್ ಆಫ್ ಇನೊಸೆನ್ಸ್’ ಆಲ್ಬಮ್ಮನ್ನು ಆಪಲ್ ಕಂಪನಿಯ ಹಾಡಿನ ಅಂಗಡಿ ಐಟ್ಯೂನ್ಸ್‌ನ ಐವತ್ತು ಕೋಟಿ ಖಾತೆಗಳಿಗೆ ಪುಕ್ಕಟೆ ಕೊಟ್ಟರು. ಬೇಕೇ ಅಂತ ಯಾರನ್ನೂ ಕೇಳಲಿಲ್ಲ. ಜನ ಬೆಳಿಗ್ಗೆ ಎದ್ದು ನೋಡಿದರೆ ತಮ್ಮ ಹಾಡುಗಳ ನಡುವೆ ಕರೆಯದೆ ಬಂದ ನೆಂಟ. ಎಂಥ ಗಲಾಟೆ ಆಯಿತು ಅಂದರೆ, ಅದನ್ನು ತೆಗೆದುಹಾಕಲು ಆಪಲ್ ಬೇರೆಯೇ ಒಂದು ಪುಟ ಮಾಡಿಕೊಡಬೇಕಾಯಿತು. ಬೊನೊ ಕ್ಷಮೆ ಕೇಳಿದ. ನನ್ನ ಹತ್ತಿರ ಆಪಲ್ ಫೋನೇ ಇರಲಿಲ್ಲ. ಬೇಕು ಅನ್ನುವವನಿಗೆ ಬರಲಿಲ್ಲ, ಬಂದವರಿಗೆ ಬೇಡವಾಯಿತು. ಹಲ್ಲಿದ್ದರೆ ಕಡಲೆ ಇಲ್ಲ. ಪಾಪ, ಆಲ್ಬಂ ಏನೂ ಕೆಟ್ಟದಿರಲಿಲ್ಲ. ಬೊನೊ ಬೆಳೆದ ಬೀದಿ, ಹದಿನಾಲ್ಕರಲ್ಲಿ ಕಳೆದುಕೊಂಡ ಅಮ್ಮ, ಎಲ್ಲ ಅದರಲ್ಲಿದೆ. ಅದನ್ನು ಯಾರಾದರೂ ಕ್ಯಾಸೆಟ್ಟಿಗೆ ಇಳಿಸಿಕೊಂಡು, ಬೇರೆಯವರ ಕೈಗೆ ಸಿಗದ ಹಾಗೆ ಟ್ರಂಕಿನಲ್ಲಿಟ್ಟು ತಂದಿದ್ದರೆ ಗತಿಯೇ ಬೇರೆ ಇತ್ತು.

ಯು2 ಭಾರತಕ್ಕೆ ಮೊದಲ ಸಲ ಬಂದಿದ್ದು 2019ರ ಡಿಸೆಂಬರ್ 15ಕ್ಕೆ, ನವಿ ಮುಂಬೈಯ ಡಿ.ವೈ. ಪಾಟೀಲ್ ಸ್ಟೇಡಿಯಂಗೆ. ಅಣ್ಣನೇ ಫೋನ್ ಮಾಡಿದ. ತಲೆ ಪೂರ್ತಿ ನರೆತಿದೆ, ಮೊಣಕಾಲು ನೋವು ಬೇರೆ. “ಬರ್ತೀಯೇನೋ?” ಅಂದ. ಹೋದೆವು. ಮೊದಲು ಒಂದಷ್ಟು ಹಳೆಯ ಹಾಡು. ಆಮೇಲೆ ಹಿಂದಿನ ಅಷ್ಟಗಲದ ಪರದೆ ಕೆಂಪಾಗಿ, ಜೋಶುವಾ ಟ್ರೀ ಶುರುವಾಯಿತು. ಮೊದಲಿನಿಂದ ಕೊನೆಯವರೆಗೆ, ಅದೇ ಸಾಲಿನಲ್ಲಿ, ಕರ್ಸ್ಟಿ ಮಕಾಲ್ ಇಟ್ಟ ಹಾಗೆ. ಒಂದು, ಎರಡು, ಮೂರು. ಸುತ್ತ ಇದ್ದವರೆಲ್ಲ ಹಾಡುತ್ತಿದ್ದರು. ನಮಗೂ ಪದಗಳು ಬರುತ್ತಿದ್ದವು, ಅರ್ಧ ತಪ್ಪುತಪ್ಪಾಗಿ, ಕ್ಯಾಸೆಟ್ಟಿನಲ್ಲಿ ಕೇಳಿಸಿದ ಹಾಗೆ.

ಐದನೇ ಹಾಡು ಮುಗಿಯುತ್ತಾ ಬಂತು. ದನಿ ಸಣ್ಣದಾಯಿತು, ಬೆಳಕು ಸಣ್ಣದಾಯಿತು. ಚಪ್ಪಾಳೆ. ಮುಂದಿನ ಹಾಡಿಗೆ ಇನ್ನೂ ಒಂದು ಗಳಿಗೆ ಇತ್ತು. ನಾನು ಅಣ್ಣನ ಕಡೆ ನೋಡಿದೆ. ಅವನು ಆಗಲೇ ನನ್ನ ಕಿವಿಯ ಹತ್ತಿರ ಬಗ್ಗಿದ್ದ. ಥೇಟ್ ಆಕಾಶವಾಣಿಯ ದನಿಯಲ್ಲಿ ಹೇಳಿದ: “ಹಾಡಿರುವವರು, ಡಾಕ್ಟರ್ ರಾಜ್‌ಕುಮಾರ್.”