ಇಲ್ಲೇ ಇದೆಯಲ್ಲ ಸಮುದ್ರ!

ಕಾರವಾರದಲ್ಲಿ ಕೂತು ಮಾಲ್ದೀವ್ಸಿಗೆ ಹೋಗುವ ಮಾತೆತ್ತಿದರೆ ಟಿಕೆಟ್ಟಿಗಿಂತ ಮೊದಲು ಸಿಗುವುದು ಒಂದು ಪ್ರಶ್ನೆ: 'ಇಲ್ಲೇ ಇದೆಯಲ್ಲ ಸಮುದ್ರ, ಅಲ್ಲಿಗ್ಯಾಕೆ ಮಾರಾಯ್ರೆ?' ಕೇಳುವವರು ಕೋಡಿಬಾಗದಲ್ಲೇ ಹುಟ್ಟಿ ಬೆಳೆದವರು. ಟಾಗೋರ್ ತೀರದ ಮರಳು ತುಳಿದು ಅವರಿಗೆ ವರ್ಷವಾಗಿರುತ್ತದೆ, ದೇವಗಡದ ದೀಪಸ್ತಂಭವನ್ನು ದಡದಿಂದ ಕಣ್ಣು ಕಿರಿದು ಮಾಡಿ ನೋಡಿದ್ದು ಬಿಟ್ಟರೆ ಹತ್ತಿರ ಹೋದದ್ದಿಲ್ಲ. ಪ್ರಶ್ನೆ ಮಾತ್ರ ಸದಾ ತಯಾರು. ಪ್ರಶ್ನೆ ಹಾಗೇ ಇರಲಿ. ಮೊದಲು ದಾರಿಯ ವಿಚಾರ ಮುಗಿಯಲಿ.

ಭೂಪಟದಲ್ಲಿ ಕಾರವಾರದ ಮೇಲೆ ಸ್ಕೇಲು ಇಟ್ಟು ನೆಟ್ಟಗೆ ತೆಂಕಣಕ್ಕೆ ಗೆರೆ ಎಳೆದರೆ ಅದು ಹೆಚ್ಚುಕಡಿಮೆ ಮಾಲ್ದೀವ್ಸಿನ ರಾಜಧಾನಿ ಮಾಲೆಯ ಮಗ್ಗುಲಲ್ಲೇ ಹಾಯುತ್ತದೆ. ದೂರ 1,200 ಕಿಲೋಮೀಟರಿಗೂ ತುಸು ಕಡಿಮೆ. ದೆಹಲಿ ಇದಕ್ಕಿಂತ ದೂರ. ಆದರೆ ತೆಂಕಣಕ್ಕೆ ಹೋಗಬೇಕಾದವರು ಮೊದಲು ಮೂಡಣಕ್ಕೆ ಹೊರಟು, ಅರಬೈಲ್ ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು, ರಾತ್ರಿಯೆಲ್ಲ ಬಸ್ಸಿನಲ್ಲಿ ಕುಲುಕಿ ಬೆಂಗಳೂರು ಸೇರಬೇಕು. ಅಲ್ಲಿಂದ ವಿಮಾನಕ್ಕೆ ಎರಡು ಗಂಟೆ ಚಿಲ್ಲರೆ ಸಾಕು. ಹೀಗಾಗಿ ವಿದೇಶ ಪ್ರಯಾಣದ ಮುಕ್ಕಾಲು ಪಾಲು ಕರ್ನಾಟಕದಲ್ಲೇ ಮುಗಿಯುತ್ತದೆ. ಮಳೆಗಾಲವಾದರೆ ಒಂದು ದಿನ ಮುಂಚೆ ಹೊರಡುವುದು ಕ್ಷೇಮ. 2024ರ ಶಿರೂರು ಗುಡ್ಡ ಕುಸಿತದ ನಂತರ ಈ ಎಚ್ಚರಿಕೆಗೆ ಯಾರೂ ನಗುವುದಿಲ್ಲ. ಅಷ್ಟಕ್ಕೂ ಮಳೆಗಾಲದಲ್ಲಿ ಹೋಗುವುದೇಕೆ? ನಮ್ಮ ಮುಂಗಾರು ಮೇ ತಿಂಗಳಲ್ಲೇ ಮಾಲ್ದೀವ್ಸಿನವರನ್ನು ತೋಯಿಸಿಕೊಂಡು ಬರುತ್ತದೆ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಡೈವಿಂಗು ನಿಲ್ಲುವ ದಿನಗಳಲ್ಲಿ ಅಲ್ಲಿಯೂ ಗಾಳಿ ಜೋರು, ನೀರು ಕಲಕು. ಡಿಸೆಂಬರಿನಿಂದ ಏಪ್ರಿಲ್ ಒಳ್ಳೆಯದು.

ವೀಸಾ ಅಲ್ಲಿ ಇಳಿದ ಮೇಲೆ ಪುಕ್ಕಟೆ. ಹೊರಡುವ ಮುಂಚಿನ 96 ಗಂಟೆಯೊಳಗೆ 'ಇಮುಗಾ' ಎಂಬ ಅರ್ಜಿ ತುಂಬಬೇಕು, ಅದೂ ಪುಕ್ಕಟೆ. ಮೂರು ವಾರ ಮೊದಲೇ ತುಂಬಲು ಕೂತ ಉತ್ಸಾಹಿಗಳಿಗೆ ಅದು ತೆರೆಯುವುದಿಲ್ಲ. ಅವರು ಹುಡುಕುತ್ತ ಹೋಗಿ ಅದೇ ಮುಖದ ನಕಲಿ ತಾಣಕ್ಕೆ ಡಾಲರು ಕಟ್ಟಿ ಬರುತ್ತಾರೆ.

ಕೋಣೆಯ ಲೆಕ್ಕ ಇನ್ನೂ ಚೆಂದ. ಜಾಹೀರಾತಿನಲ್ಲಿ 100 ಡಾಲರ್, ಬಾಲದಲ್ಲಿ ಎರಡು ಅಧಿಕ ಚಿಹ್ನೆ (++). ಆ ಚಿಹ್ನೆಗಳ ಅರ್ಥ: ಸೇವಾ ಶುಲ್ಕ ಶೇ 10, ಆಯಿತು 110. ಅದರ ಮೇಲೆ ಪ್ರವಾಸಿ ತೆರಿಗೆ, 2025ರ ಜುಲೈಯಿಂದ ಶೇ 17, ಅಂದರೆ 18.70. ಮೇಲೆ ಹಸಿರು ತೆರಿಗೆ: ಸಣ್ಣ ಗೆಸ್ಟ್‌ಹೌಸಾದರೆ ತಲೆಗೆ ರಾತ್ರಿಗೆ 6 ಡಾಲರ್, ರಿಸಾರ್ಟಾದರೆ 12. ಗೆಸ್ಟ್‌ಹೌಸಿನಲ್ಲೇ ಗಂಡ ಹೆಂಡತಿ ಒಂದು ರಾತ್ರಿ ಮಲಗಿ ಎದ್ದರೆ 140.70. ನೂರು ಎಂದು ಬರೆದು ನೂರಾ ನಲವತ್ತು ಕೇಳುವುದಕ್ಕೆ ಶಿರಸಿ ಪೇಟೆಯಲ್ಲಿ ಬೇರೆ ಹೆಸರಿದೆ. ದೋಣಿಯ ಬಾಡಿಗೆ ಇದರಲ್ಲಿ ಸೇರಿಲ್ಲ.

ಅಲ್ಲಿಯೂ ದೋಣಿಗೆ ದೋಣಿ ಎಂದೇ ಹೆಸರು, ಅಷ್ಟು ಸಮಾಧಾನ. ದೂರದ ರಿಸಾರ್ಟಿಗೆ ಸೀಪ್ಲೇನ್. ಅದು ಹಗಲಿನಲ್ಲಿ ಮಾತ್ರ ಹಾರುತ್ತದೆ. ಅಗ್ಗದ ಟಿಕೆಟ್ಟೆಂದು ಸಂಜೆಯ ವಿಮಾನ ಹಿಡಿದವರು ಆ ರಾತ್ರಿ ವಿಮಾನ ನಿಲ್ದಾಣದ ಪಕ್ಕದ ಹುಲ್ಹುಮಾಲೆಯಲ್ಲಿ ಇನ್ನೊಂದು ಕೋಣೆಗೆ ದುಡ್ಡು ತೆರುತ್ತಾರೆ. ಸಾಮಾನು ತಲೆಗೆ 20 ಕಿಲೋ, ಕೈಚೀಲ 5.

ಈ ಇಪ್ಪತ್ತು ಕಿಲೋದಲ್ಲಿ ಘಟ್ಟದ ಮೇಲಿನವರು ಮೂರು ಕಿಲೋವನ್ನು ಮಾವಿನಮಿಡಿಗೆ ಮೀಸಲಿಡುವುದು ಖಂಡಿತ. ತಪ್ಪಲ್ಲ. ಬೆಳಗಿನ 'ಮಸ್ ಹುನಿ'ಗೆ ತೆಂಗಿನತುರಿ, ಈರುಳ್ಳಿ, ಹಸಿಮೆಣಸು, ನಿಂಬೆ ಬೀಳುವುದನ್ನು ನೋಡಿ ಬಾಯಿ ನೀರೂರುವಷ್ಟರಲ್ಲಿ ಸೂರೆಮೀನೂ ಬೀಳುತ್ತದೆ. ಸಸ್ಯಾಹಾರಿಗೆ ಉಳಿಯುವುದು ಬರೀ ರೊಟ್ಟಿ. ಆದರೆ ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ಬಾಟಲಿಯನ್ನು ಕುತ್ತಿಗೆಯವರೆಗೆ ತುಂಬಲೂ ಬೇಡ. ಮೇಲೆ ಗಾಳಿಯ ಒತ್ತಡ ಇಳಿದಾಗ ಒಳಗಿನ ಗಾಳಿ ಹಿಗ್ಗಿ ರಸವನ್ನು ಮುಚ್ಚಳದ ಸಂದಿಯಿಂದ ದೂಡುತ್ತದೆ. ಮುಕ್ಕಾಲು ತುಂಬಿ, ಮುಚ್ಚಳದಡಿ ಪ್ಲಾಸ್ಟಿಕ್ ಹಾಳೆ ಕೊಟ್ಟು ತಿರುಪಿ, ಎರಡು ಚೀಲ ಸುತ್ತಿ. ಕೊಬ್ಬರಿ ಗಿಟುಕು ಚೆಕ್-ಇನ್ ಬ್ಯಾಗಿಗೆ ನಿಷಿದ್ಧ, ಎಣ್ಣೆಯಿಂದ ತಾನಾಗಿ ಕಾದು ಹೊತ್ತಿಕೊಳ್ಳುವ ಸರಕಿನ ಸಾಲಿಗೆ ಅದು ಸೇರಿದೆ. ತೆಂಗಿನ ದೇಶಕ್ಕೆ ಕೊಬ್ಬರಿ ಒಯ್ಯುವವರನ್ನು ವಿಮಾನದವರು ತಡೆದರೆ ತಪ್ಪೇನೂ ಇಲ್ಲ. ಮದ್ಯದ ಬಾಟಲಿಯ ವಿಷಯಕ್ಕೆ, ಗೋವಾ ಗಡಿಯ ಮಾಜಾಳಿ ಚೆಕ್‌ಪೋಸ್ಟ್ ದಾಟುವ ಧೈರ್ಯ ಮಾಲೆಯಲ್ಲಿ ತೋರಿಸಬಾರದು: ತೆಗೆದಿಟ್ಟುಕೊಂಡು ರಸೀದಿ ಕೊಡುತ್ತಾರೆ.

ಉಪ್ಪಿನಕಾಯಿಯ ಮಾತು ಬಂದಾಗ ಇಬ್ನ್ ಬತೂತನನ್ನು ಬಿಡುವಂತಿಲ್ಲ. ಹದಿನಾಲ್ಕನೆಯ ಶತಮಾನದ ಈ ಮೊರಾಕ್ಕೊದ ಪ್ರವಾಸಿ ಹೊನ್ನಾವರದಲ್ಲೂ ಮಾಲ್ದೀವ್ಸಿನಲ್ಲೂ ವಾಸ ಮಾಡಿದವನು. ಹೊನ್ನಾವರದ ಸುಲ್ತಾನನ ಪಂಕ್ತಿಯಲ್ಲಿ ಅನ್ನ, ತುಪ್ಪ, ಉಪ್ಪಿನಲ್ಲಿ ಹಾಕಿದ ಕಾಳುಮೆಣಸು, ಹಸಿಶುಂಠಿ, ನಿಂಬೆ, ಮಾವು, ಕೊನೆಗೆ ಮೊಸರು ಎಂದು ಬಡಿಸಿದ ಕ್ರಮದಲ್ಲೇ ಬರೆದಿಟ್ಟಿದ್ದಾನೆ. ಆಮೇಲೆ ಅದೇ ಬಾಯಲ್ಲಿ ಗೊಣಗಾಟ: ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣಲಿಲ್ಲವಂತೆ, ಮಾಲ್ದೀವ್ಸು, ಸಿಂಹಳ, ಮಲಬಾರು ಎಂದು ಮೂರು ವರ್ಷ ಅನ್ನವನ್ನೇ ತಿಂದು ಕಡೆಗೆ ನೀರು ಕುಡಿದು ನುಂಗಬೇಕಾಯಿತಂತೆ. ಉಂಡ ಮನೆಗೆ ಹೀಗಾ ಹೇಳುವುದು?

ಆದರೂ ಕವಡೆಯ ಲೆಕ್ಕ ಬರೆದಿಟ್ಟ ಉಪಕಾರಕ್ಕೆ ಅವನನ್ನು ಕ್ಷಮಿಸಬಹುದು. ಮಾಲ್ದೀವ್ಸಿನವರು ಕವಡೆಯನ್ನು ಸಮುದ್ರದಿಂದ ಹೆಕ್ಕಿ, ಗುಂಡಿಯಲ್ಲಿ ಹಾಕಿ, ಮಾಂಸ ಕೊಳೆತು ಬಿಳಿ ಚಿಪ್ಪು ಉಳಿದ ಮೇಲೆ ಬಂಗಾಳಕ್ಕೆ ಕಳಿಸಿ ಅಕ್ಕಿ ತರಿಸುತ್ತಿದ್ದರು. ತೆಂಗಿನ ಗರಿಗಳನ್ನು ನೀರಿನಲ್ಲಿ ತೇಲಬಿಟ್ಟು, ಹತ್ತಿ ಕೂತ ಕವಡೆಯನ್ನು ಗರಿಸಮೇತ ದಡಕ್ಕೆಳೆಯುತ್ತಿದ್ದರೆಂದು ಅವನಿಗಿಂತ ಹಿಂದಿನ ಅರಬರ ಬರಹದಲ್ಲಿದೆ. ದ್ವೀಪದಲ್ಲಿ ಒಂದು ಚಿನ್ನದ ದೀನಾರಿಗೆ ನಾಲ್ಕು ಲಕ್ಷ ಕವಡೆ. ಕೆಲವೊಮ್ಮೆ ಬೆಲೆ ಬಿದ್ದು ಹನ್ನೆರಡು ಲಕ್ಷ. ಅದೇ ಕವಡೆ ಪಶ್ಚಿಮ ಆಫ್ರಿಕಾದ ಮಾಲಿಯಲ್ಲಿ ದೀನಾರಿಗೆ ಬರೀ 1,150! ಅಂದರೆ 'ಕವಡೆ ಕಾಸಿನ ಕಿಮ್ಮತ್ತಿಲ್ಲ' ಎಂದು ಯಾರಾದರೂ ಬೈದರೆ ಎಲ್ಲಿ ನಿಂತು ಬೈದರೆಂದು ಮೊದಲು ಕೇಳಬೇಕು. ಮಾಲಿಯಲ್ಲಾದರೆ ಬೈಗುಳ ಮಾಲ್ದೀವ್ಸಿಗಿಂತ ಮುನ್ನೂರೈವತ್ತು ಪಟ್ಟು ಹಗುರ. ನಮ್ಮ ಕಡೆ ಲಗ್ನಕ್ಕೆ ಕರೆಯದ ನೆಂಟರು ಈ ಮಾತಿಗೆ ಹತ್ತು ವರ್ಷ ಮಾತು ಬಿಟ್ಟದ್ದುಂಟು. ದರ ವಿಚಾರಿಸಿದವರು ಒಬ್ಬರೂ ಇಲ್ಲ.

ದೋಣಿಯ ಮಾತು ಅರ್ಧಕ್ಕೇ ನಿಂತಿತ್ತು. ಸ್ಥಳೀಯರ ದ್ವೀಪಕ್ಕೆ ಸರ್ಕಾರಿ ಫೆರಿ ಅಗ್ಗ, ಆದರೆ ಶುಕ್ರವಾರ ಸಾಮಾನ್ಯವಾಗಿ ರಜೆ. ಮಾಲೆಯಿಂದ ಮಾಫುಶಿ ದ್ವೀಪಕ್ಕೆ ಅದರಲ್ಲಿ ಒಂದೂವರೆ ಗಂಟೆ, ಸ್ಪೀಡ್‌ಬೋಟಿನಲ್ಲಿ ಅರ್ಧ ಗಂಟೆಯ ಮೇಲೆ ಸ್ವಲ್ಪ. ಗಡಿಯಾರ ನಮಗಿಂತ ಅರ್ಧ ಗಂಟೆ ಹಿಂದೆ. ಕೆಲವು ರಿಸಾರ್ಟುಗಳು ಬಿಸಿಲು ಉಳಿಸಲು ತಮ್ಮದನ್ನೇ ಒಂದು ಗಂಟೆ ಮುಂದಿಡುತ್ತವೆ. ದೋಣಿ ಯಾವ ಗಡಿಯಾರಕ್ಕೆ ಬಿಡುತ್ತದೆಂದು ಹಿಂದಿನ ರಾತ್ರಿಯೇ ಕೇಳಿಟ್ಟುಕೊಳ್ಳಿ. ಶಿರಸಿಯವರು ಅಲ್ಲಿ ಹೊಳೆ, ಗುಡ್ಡ ಹುಡುಕಬಾರದು: ಹೊಳೆ ಇಲ್ಲವೇ ಇಲ್ಲ, ಇಡೀ ದೇಶದ ಅತಿ ಎತ್ತರದ ನೆಲ ಅಡಿಕೆ ಮರಕ್ಕೂ ಸಮ ಬರಲಿಕ್ಕಿಲ್ಲ.

ತಿರುಗಿ ಬಂದ ಮೇಲೆ ಅದೇ ಕೋಡಿಬಾಗದವರು ಕೇಳುತ್ತಾರೆ: 'ಏನು ತಂದ್ರಿ?' ಹವಳ, ಚಿಪ್ಪು, ಮರಳು ಯಾವುದನ್ನೂ ಹೊರಗೆ ಒಯ್ಯಲು ಅಲ್ಲಿ ಬಿಡುವುದಿಲ್ಲ. ಚೌಕಾಬಾರಕ್ಕೆ ನಾಲ್ಕು ಕವಡೆ ಬೇಕಿದ್ದರೆ ಕಾರವಾರದ ಪೂಜಾ ಸಾಮಗ್ರಿಯ ಅಂಗಡಿಯಲ್ಲೇ ತೆಗೆದುಕೊಳ್ಳಬೇಕು. ಹಿಂದೆ ಸಣ್ಣ ತೂತಿದ್ದರೆ ಬೇರೆ ಕೇಳಿ, ಸರಿಯಾಗಿ ಉರುಳುವುದಿಲ್ಲ.