ನೀತಿಪಂಡಿತರ ಖಾಲಿ ಲೋಟ

ಗೂಗಲ್ 2019ರಲ್ಲಿ ಕೃತಕ ಬುದ್ಧಿಮತ್ತೆಗೆ ನೀತಿ ಹೇಳುವ ಮಂಡಳಿಯೊಂದನ್ನು ಕಟ್ಟಿ, ಎರಡು ವಾರ ತುಂಬುವ ಮೊದಲೇ ಬರಖಾಸ್ತು ಮಾಡಿದ ಕಥೆ ನಿಮಗೆ ಗೊತ್ತೇ ಇದೆ. ಅಷ್ಟರಿಂದ ಬುದ್ಧಿ ಬಂದಿದೆಯೇ? ಎಲ್ಲಿ ನೋಡಿದರೂ ನೀತಿ ಸಮಿತಿಗಳೇ. ಕುರ್ಚಿಗಳಿಗೆ ನೀತಿಶಾಸ್ತ್ರದ ಪ್ರಾಧ್ಯಾಪಕರು ಬೇಕಲ್ಲ!

ಇಂಥ ಮಹನೀಯರ ಮೇಲಿನ ಗೌರವ ಕೆಡಿಸಲೆಂದೇ ಎರಿಕ್ ಶ್ವಿಟ್ಜ್‌ಗೇಬಲ್ ಎಂಬ ತತ್ತ್ವಶಾಸ್ತ್ರಜ್ಞರಿದ್ದಾರೆ. ಗ್ರಂಥಾಲಯಗಳ ಲೆಕ್ಕ ತೆಗೆದು, ತತ್ತ್ವಶಾಸ್ತ್ರದ ಬೇರೆ ಪುಸ್ತಕಗಳಿಗಿಂತ ನೀತಿಶಾಸ್ತ್ರದವೇ ಹೆಚ್ಚು ಕಾಣೆಯಾಗುತ್ತವೆ ಎಂದು 2009ರಲ್ಲಿ ಬರೆದರು. ಅದೂ ಪಂಡಿತರಲ್ಲದೆ ಇನ್ನಾರೂ ಮುಟ್ಟದಂಥ ಪುಸ್ತಕಗಳು! ‘ಮರಳಿಸುವ ಕರ್ತವ್ಯ’ದ ಅಧ್ಯಾಯ ಇನ್ನೂ ಓದಿ ಮುಗಿದಿರಲಿಕ್ಕಿಲ್ಲ, ಪಾಪ.

ಆಮೇಲೆ ಜತೆಗಾರರೊಂದಿಗೆ ಸಮ್ಮೇಳನಗಳಿಗೆ ಹೊಕ್ಕರು. ಬಾಗಿಲನ್ನು ಧಡಾರನೆ ಬಡಿಯುವವರು, ಭಾಷಣದ ನಡುವೆ ಹರಟುವವರು, ಖಾಲಿ ಲೋಟ ಅಲ್ಲೇ ಬಿಟ್ಟು ಏಳುವವರು, ಎಲ್ಲರನ್ನೂ ಎಣಿಸಿದರು. ನೀತಿಗೋಷ್ಠಿಯವರು ಉಳಿದವರಿಗಿಂತ ಒಂದು ಗುಲಗಂಜಿಯೂ ಮೇಲಲ್ಲ. ಪರಿಸರ ನೀತಿಯ ಗೋಷ್ಠಿಗಳಲ್ಲಿ ಮಾತ್ರ ಕಸ ಕಡಿಮೆಯಂತೆ. ಎಂದರೆ ಲೋಟ ಎತ್ತಿಡಲು ಲೋಟದಲ್ಲೇ ಪಿಎಚ್‌.ಡಿ ಆಗಿರಬೇಕು.

ಇನ್ನು ಊಟ. ಶ್ವಿಟ್ಜ್‌ಗೇಬಲ್ ಅವರದೇ ಸಮೀಕ್ಷೆಯೊಂದರಲ್ಲಿ ನೀತಿಪಂಡಿತರ ಪೈಕಿ ನೂರಕ್ಕೆ 60 ಮಂದಿ ಸಸ್ತನಿಗಳ ಮಾಂಸ ತಿನ್ನುವುದು ಕೆಟ್ಟದ್ದು ಎಂದರು. ಬೇರೆ ವಿಭಾಗಗಳ ಪ್ರಾಧ್ಯಾಪಕರಲ್ಲಿ ಹಾಗೆಂದವರು 19. ಹಿಂದಿನ ರಾತ್ರಿಯ ತಟ್ಟೆಗಳಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆಯಲ್ಲಿ ತರಕಾರಿಯಾದರೂ ಇತ್ತು.

ಇವರ ವೃತ್ತಿಯ ಬಂಡವಾಳವೆಂದರೆ ಒಂದು ಟ್ರಾಮ್. 1967ರಲ್ಲಿ ತತ್ತ್ವಶಾಸ್ತ್ರಜ್ಞೆ ಫಿಲಿಪಾ ಫುಟ್ ಗರ್ಭಪಾತದ ಚರ್ಚೆಯ ನಡುವೆ ಉದಾಹರಣೆಗೆಂದು ಅದನ್ನು ಹಳಿಗೆ ಬಿಟ್ಟರು. ಟ್ರಾಮ್ ಹಿಡಿತ ತಪ್ಪಿದೆ, ಈ ಹಳಿಯ ಮೇಲೆ ಐವರು, ಆ ಹಳಿಯ ಮೇಲೆ ಒಬ್ಬ, ಯಾರನ್ನು ಉಳಿಸುತ್ತೀರಿ? ಇನ್ನೊಬ್ಬ ತತ್ತ್ವಶಾಸ್ತ್ರಜ್ಞೆ ಜುಡಿತ್ ಜಾರ್ವಿಸ್ ಥಾಮ್ಸನ್ ಬಂದು ಸೇತುವೆಯ ಮೇಲೆ ಒಬ್ಬ ದಢೂತಿಯನ್ನು ನಿಲ್ಲಿಸಿ, ಅವನನ್ನು ಕೆಳಗೆ ತಳ್ಳಿ ಟ್ರಾಮ್ ತಡೆಯಬಹುದೇ ಎಂದು ಕೇಳಿದರು. ಅಂದಿನಿಂದ ಎಷ್ಟು ಬಡ್ತಿಗಳು ಆ ಟ್ರಾಮ್ ಹತ್ತಿ ಬಂದಿವೆಯೋ! ಬ್ರೇಕ್ ಸರಿಮಾಡಿಸೋಣ ಎಂದವನಿಗೆ ಮಾತ್ರ ಈ ವಿಭಾಗದಲ್ಲಿ ನೌಕರಿಯಿಲ್ಲ.

ತಮಾಷೆ ಸಾಕು. ಪುಸ್ತಕ ಹೋದರೆ ಹೋಗಲಿ, ಲೋಟ ಬಿದ್ದಿರಲಿ. ಅದೇ ವಿಭಾಗದಲ್ಲಿ ಕೋರ್ಸಿಗಿಷ್ಟು ಎಂದು ಕೂಲಿ ಪಡೆದು ನ್ಯಾಯದ ಪಾಠ ಹೇಳುವ ಅರೆಕಾಲಿಕರಿದ್ದಾರೆ. ಬರುವ ಅವಧಿಗೆ ಕೆಲಸವಿದೆಯೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಕಾಯಂ ಪ್ರಾಧ್ಯಾಪಕರು ಹಂಚಿಕೆಯ ನ್ಯಾಯದ ಬಗ್ಗೆ ಪ್ರಬಂಧ ಮಂಡಿಸಲು ವಿಮಾನ ಹತ್ತಿದಾಗ ಅವರ ತರಗತಿಗಳನ್ನೂ ಇವರೇ ತೆಗೆದುಕೊಳ್ಳುತ್ತಾರೆ. ನಮ್ಮ ಸಂಬಳದ ಮಾತೇನಾಯಿತು ಎಂದು ಕೇಳಿದರೆ ಸಿಗುವ ಉತ್ತರ: ‘ಅದು ಆಡಳಿತ ವಿಭಾಗದ ವಿಷಯ, ಅಲ್ಲಿ ಕೇಳಿ.’